ಪ್ರೊಫೆಸರ್ ವರ್ನನ್ ಅವರ ಬಟ್ಟಲುಗಳು

ಮೇಜಿನ ಸುತ್ತ ನಾಲ್ಕಾರು ಜನ ಕೂತು ಹತ್ತಿರದಿಂದ ನೋಡುವ ಕೈಚಳಕದ ಜಾದೂಗೆ ಇಂದಿನ ರೂಪ ಕೊಟ್ಟವರಲ್ಲಿ ಡೈ ವರ್ನನ್ ಮೊದಲ ಸಾಲಿನವರು. 1894ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿ 1992ರವರೆಗೆ ಬದುಕಿದ್ದ ಅವರು ಜಾದೂಗಾರರ ಬಾಯಲ್ಲಿ ಇಂದಿಗೂ ‘ಪ್ರೊಫೆಸರ್’. ಬಟ್ಟಲು-ಚೆಂಡು, ಒಂದರೊಳಗೊಂದು ಸೇರಿಕೊಳ್ಳುವ ಲೋಹದ ಬಳೆಗಳು, ಇಸ್ಪೀಟಿನ ‘ಟ್ರಯಂಫ್’ ಮುಂತಾದ ಅವರ ಆಟಗಳನ್ನು ಕಲಿಯದೆ ಈ ವಿದ್ಯೆಯಲ್ಲಿ ಮುಂದೆ ಹೋಗುವವರು ಕಡಿಮೆ.

ಅವರ ಹೆಸರು ಹಬ್ಬಿದ್ದು 1922ರಲ್ಲಿ. ಯಾವ ಆಟವನ್ನಾದರೂ ಮೂರು ಸಲ ತೋರಿಸಿದರೆ ಅದರ ಗುಟ್ಟು ಹಿಡಿಯುತ್ತೇನೆಂದು ಹ್ಯಾರಿ ಹೂಡಿನಿ ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲ. ಷಿಕಾಗೋದಲ್ಲಿ ವರ್ನನ್ ಒಂದು ಎಲೆಯ ಮೇಲೆ ಹೂಡಿನಿಯಿಂದಲೇ ಸಹಿ ಹಾಕಿಸಿ, ಅದನ್ನು ಕಟ್ಟಿನ ಮೇಲಿನಿಂದ ಎರಡನೆಯದಾಗಿ ಇಟ್ಟರು. ಅದು ಮತ್ತೆ ಮೇಲಕ್ಕೇ ಬಂದಿತ್ತು. ಎಷ್ಟು ಸಲ ತೋರಿಸಿದರೂ ಹೂಡಿನಿಗೆ ಗುಟ್ಟು ಸಿಗಲಿಲ್ಲ. ‘ಹೂಡಿನಿಯನ್ನು ಮೋಸಗೊಳಿಸಿದವನು’ ಎಂಬ ಬಿರುದನ್ನು ವರ್ನನ್ ತಮ್ಮ ಜಾಹೀರಾತಿಗೆ ಧಾರಾಳವಾಗಿ ಬಳಸಿಕೊಂಡರು.

ಅವರ ಪಾಠದ ತಿರುಳು ಸಹಜತೆ. ಗುಟ್ಟಿನ ಚಲನೆ ಮಾಡುವ ಕೈ, ಗುಟ್ಟೇನೂ ಇಲ್ಲದಾಗ ಹೇಗಿರುತ್ತದೋ ಹಾಗೆಯೇ ಕಾಣಬೇಕು. ಇದರ ಬೀಜ 1902ರಲ್ಲಿ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಗುಪ್ತನಾಮದಲ್ಲಿ ಬಂದ ಇಸ್ಪೀಟು ಪುಸ್ತಕದಲ್ಲಿತ್ತು. ಹುಡುಗನಾಗಿದ್ದಾಗಲೇ ವರ್ನನ್ ಅದನ್ನು ಅರೆದು ಕುಡಿದಿದ್ದರು. ಆ ಪುಸ್ತಕ ಹೇಳುವ ಮೋಸದ ಜೂಜುಕೋರ ಸಿಕ್ಕಿಬಿದ್ದರೆ ಅವನಿಗೆ ಒದೆ ಖಚಿತ. ಹಾಗಾಗಿ ಅವನ ಕೈಗೆ ಅಲಂಕಾರ ಬೇಕಿಲ್ಲ. ಆ ಮಿತವನ್ನು ವರ್ನನ್ ಮನರಂಜನೆಗೆ ತಂದರು.

ಬಟ್ಟಲು-ಚೆಂಡಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರೋಮಿನ ಸೆನೆಕಾ ಉಲ್ಲೇಖಿಸಿರುವಷ್ಟು ಹಳೆಯ ಆಟ ಇದು. ನಮ್ಮ ಬೀದಿಯ ಜಾದೂಗಾರರೂ ನೆಲದ ಮೇಲೆ ಕೂತು, ತುದಿಯಲ್ಲಿ ಗುಬಟಿರುವ ಬಟ್ಟಲುಗಳಿಂದ ಇದನ್ನೇ ಆಡಿಸುತ್ತಾರೆ. ವರ್ನನ್ ಅವರ ರೂಪದಲ್ಲಿ ಮೂರು ಬಟ್ಟಲು, ಮೂರು ಚಿಕ್ಕ ಚೆಂಡು, ಒಂದು ಮಂತ್ರದಂಡ. ಚೆಂಡುಗಳು ಕೈಯಿಂದ ಮಾಯವಾಗಿ ಬಟ್ಟಲಡಿ ಕಾಣಿಸಿಕೊಳ್ಳುತ್ತವೆ. ಕೊನೆಗೆ ಯಾರೂ ಎಣಿಸದ ದೊಡ್ಡ ವಸ್ತುಗಳು, ಹೆಚ್ಚಾಗಿ ನಿಂಬೆಹಣ್ಣುಗಳು, ಹೊರಬರುತ್ತವೆ. ದಂಡ ಇಲ್ಲಿ ಶೋಭೆಗಷ್ಟೇ ಇರುವುದಲ್ಲ. ಸುಮ್ಮನೆ ಮುಚ್ಚಿದ ಮುಷ್ಟಿ ಅನುಮಾನ ಹುಟ್ಟಿಸುತ್ತದೆ, ದಂಡ ಹಿಡಿದ ಮುಷ್ಟಿಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಈ ಆಟವನ್ನು ಲೂಯಿಸ್ ಗ್ಯಾನ್ಸನ್ 1957ರ ಪುಸ್ತಕದಲ್ಲಿ ಚಿತ್ರಸಹಿತ ದಾಖಲಿಸಿದರು. ತೊಡಕು ಅಲ್ಲಿಂದಲೇ ಶುರು. ಅಚ್ಚಾದ ಮೇಲೆ ಪ್ರತಿ ಬೆರಳಿನ ಜಾಗವೂ ವೇದವಾಕ್ಯವಾಯಿತು. ಕಲಿಯುವವರು ಅವರ ಮಾತು, ನಗೆಹನಿ, ಕತ್ತಿನ ಓಲಾಟವನ್ನೂ ನಕಲು ಮಾಡತೊಡಗಿದರು. ಕೋಟಿನ ಜೇಬನ್ನು ನಂಬಿ ಕಟ್ಟಿದ ಆಟವನ್ನು ಟೀ-ಷರ್ಟ್ ತೊಟ್ಟವರು ಹಾಗೆಯೇ ಮಾಡಲು ಹೊರಟರೆ ಸಹಜತೆಯೇ ಮೊದಲು ಮಾಯವಾಗುತ್ತದೆ. ವರ್ನನ್ ಕೈಗೆ ಸಹಜವಾದದ್ದು ಇನ್ನೊಬ್ಬರ ಕೈಗೆ ಸಹಜವಾಗಬೇಕೆಂದೇನೂ ಇಲ್ಲ. ಅವರನ್ನು ಚಾಚೂ ತಪ್ಪದೆ ಅನುಕರಿಸುವುದೇ ಅವರ ಪಾಠವನ್ನು ಮೀರಿದಂತೆ!

ಒಳ್ಳೆಯ ಮರುರೂಪಗಳು ಹುಟ್ಟುವುದು ‘ಈ ಚಲನೆ ಇಲ್ಲಿ ಯಾಕಿದೆ’ ಎಂಬ ಪ್ರಶ್ನೆಯಿಂದ. ಜೇಬಿಗೆ ಕೈ ಹೋಗಲು ಕಾರಣ ಬೇಕು, ಅಷ್ಟೇ. ಆ ಕಾರಣವನ್ನು ಚೀಲವೋ ಮೇಜಿನ ಮೇಲಿನ ಪೆಟ್ಟಿಗೆಯೋ ಒದಗಿಸಬಹುದು. ಡಚ್ ಜಾದೂಗಾರ ಟಾಮಿ ವಂಡರ್ ಮೂರು ಬಟ್ಟಲನ್ನು ಎರಡಕ್ಕಿಳಿಸಿ, ಬಟ್ಟಲು ಇಡುವ ಚೀಲವನ್ನೇ ಆಟದ ಪಾತ್ರವಾಗಿಸಿದರು. ಅಮೆರಿಕದ ಪೆನ್ ಮತ್ತು ಟೆಲ್ಲರ್ ಇನ್ನೂ ಧೈರ್ಯ ತೋರಿ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಆಡಿಸಿದರು. ಎಲ್ಲ ಕಣ್ಣೆದುರೇ ಇದ್ದರೂ ವೇಗ ಮತ್ತು ಲಯಕ್ಕೆ ಕಣ್ಣು ಸೋಲುತ್ತದೆ. ಈ ಆಟವನ್ನು ನರವಿಜ್ಞಾನಿಗಳೂ ಗಮನದ ಅಧ್ಯಯನಕ್ಕೆ ಬಳಸಿಕೊಂಡಿದ್ದಾರೆ. ಬಟ್ಟಲಿನ ಬಣ್ಣವನ್ನೋ ಹಿನ್ನೆಲೆಯ ಸಂಗೀತವನ್ನೋ ಬದಲಿಸಿ ಅದನ್ನೇ ಹೊಸತೆನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ವರ್ನನ್ ಅವರ ಶಿಷ್ಯರೂ ಒಬ್ಬರಂತೆ ಒಬ್ಬರಿರಲಿಲ್ಲ. ರಿಕಿ ಜೇ ರಂಗಕಲಾವಿದರೂ ಜಾದೂ ಚರಿತ್ರೆಯ ವಿದ್ವಾಂಸರೂ ಆದರು. 14ನೇ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವಿನ ಜೊತೆ ಊರೂರು ಅಲೆದ ಪರ್ಸಿ ಡಯಾಕೊನಿಸ್ ಗಣಿತಜ್ಞರಾಗಿ, 52 ಎಲೆಗಳ ಕಟ್ಟು ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲೆಸಬೇಕೆಂದು ಡೇವ್ ಬೇಯರ್ ಜೊತೆ 1992ರಲ್ಲಿ ತೋರಿಸಿದರು.

ಇಂದಿನ ಕಲಿಕೆಗೆ ದೊಡ್ಡ ಸವಾಲು ಮೊಬೈಲ್ ಕ್ಯಾಮೆರಾ. ಎದುರು ಕೂತವರ ನೋಟವನ್ನು ಜಾದೂಗಾರ ತನ್ನ ಕಣ್ಣು, ಮಾತುಗಳಿಂದ ಬೇರೆಡೆ ಸೆಳೆಯಬಲ್ಲ. ಕ್ಯಾಮೆರಾ ಅಲುಗಾಡುವುದಿಲ್ಲ, ವೀಕ್ಷಕ ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾನೆ. ಬಟ್ಟಲು-ಚೆಂಡಿನಂತೆ ಗಮನ ಬೇರೆಡೆ ಸೆಳೆಯುವುದನ್ನೇ ನಂಬಿದ ಆಟ ಇಲ್ಲಿ ಬಡವಾಗುತ್ತದೆ. ನಾಲ್ಕು ಎಕ್ಕಗಳು ಒಂದೊಂದಾಗಿ ಮಗುಚಿಕೊಳ್ಳುವ ‘ಟ್ವಿಸ್ಟಿಂಗ್ ದಿ ಏಸಸ್’ ಅಷ್ಟಾಗಿ ಸೊರಗುವುದಿಲ್ಲ: ಸಾಮಗ್ರಿ ನಾಲ್ಕೇ ಎಲೆ, ಅಂಗೈಯೇ ವೇದಿಕೆ, ಗುಟ್ಟೂ ಎಲೆಗಳನ್ನು ಎಣಿಸಿ ತೋರಿಸುವ ರೀತಿಯಲ್ಲೇ ಅಡಗಿದೆ. ಹೀಗಾಗಿ ಕ್ಯಾಮೆರಾಕ್ಕಾಗಿ ಅಭ್ಯಾಸ ಮಾಡುವವರು ಎಕ್ಕಗಳಿಂದ ಶುರುಮಾಡಿ, ಮನುಷ್ಯರೆದುರು ಆಡುವ ಧೈರ್ಯ ಬಂದ ಮೇಲೆ ಬಟ್ಟಲುಗಳಿಗೆ ಕೈಹಾಕುವುದು ಒಳ್ಳೆಯದು.