ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಸಹಿ ಹಾಕುವವರು ಯಾರು?

ಅಮೆರಿಕದಲ್ಲಿ ಕೆಲವರು ತಮ್ಮ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟಿ ಹಾರಿಸುತ್ತಾರೆ. ಕಾನೂನು ಅದನ್ನು ಒಪ್ಪುತ್ತದೆ. ಆದರೆ ನೋಡಲು ಒಂದೇ ತರಹ ಇರುವ ಎರಡು ವಿಮಾನಗಳಿಗೆ ನಿಯಮ ಬೇರೆ ಬೇರೆ ಇರಬಹುದು. ಹೇಗೆ ಅಂತೀರಾ?

ಮೊದಲನೆಯದು ಹವ್ಯಾಸಿಗಳು ಕಟ್ಟಿದ ವಿಮಾನಗಳ ವರ್ಗ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಯಲೆಂದೋ ಖುಷಿಗೆಂದೋ ಹವ್ಯಾಸಿಗಳೇ ಮಾಡಿರಬೇಕು. ಎರಡನೆಯದು 2004ರಲ್ಲಿ ಬಂದ ಪ್ರಾಯೋಗಿಕ ಲೈಟ್ ಸ್ಪೋರ್ಟ್ ವರ್ಗ. ಆಗಿನ ಮಿತಿ ಹೆಚ್ಚೆಂದರೆ ಎರಡು ಸೀಟು, ನೆಲದಿಂದ ಏಳುವಾಗ ಒಟ್ಟು ತೂಕ ಸುಮಾರು 600 ಕೆ.ಜಿ. ಇದರ ಕಿಟ್ ಬಹುಪಾಲು ಸಿದ್ಧವಾಗಿಯೇ ಬರಬಹುದು, ಆದರೆ ತಯಾರಕರು ಹೇಳಿದಂತೆಯೇ ಜೋಡಿಸಬೇಕು.

ಎರಡಕ್ಕೂ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಯಾಕೆಂದರೆ ಕಂಪನದಿಂದ ಲೋಹದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು, ಇಂಜಿನ್ ಬಿಸಿಗೆ ಇಂಧನದ ರಬ್ಬರ್ ಪೈಪು ಗಡುಸಾಗುತ್ತದೆ. ಹಾರದೆ ನಿಂತ ವಿಮಾನಕ್ಕೂ ತುಕ್ಕು ತಪ್ಪಿದ್ದಲ್ಲ. ಗಡುವಿನ ಲೆಕ್ಕ ಮಾತ್ರ ತಮಾಷೆ: 2024ರ ಮಾರ್ಚ್ 10ಕ್ಕೆ ತಪಾಸಣೆ ಆಗಿದ್ದರೆ 2025ರ ಮಾರ್ಚ್ 31ರವರೆಗೆ ನಡೆಯುತ್ತದೆ. ಎಣಿಸುವುದು ತಿಂಗಳನ್ನು, ದಿನವನ್ನಲ್ಲ.

ಇನ್ನು ಸಹಿ. ಪರವಾನಗಿ ಇರುವ ಮೆಕ್ಯಾನಿಕ್ ಎರಡಕ್ಕೂ ಹಾಕಬಹುದು. ಹವ್ಯಾಸಿ ವಿಮಾನವಾದರೆ, ಕಟ್ಟಿದವರಲ್ಲಿ ಮುಖ್ಯರಾದ ಒಬ್ಬರಿಗೆ ಆ ಒಂದು ವಿಮಾನಕ್ಕಷ್ಟೇ ಸೀಮಿತವಾದ ಪ್ರಮಾಣಪತ್ರ ಸಿಗುತ್ತದೆ. ವಿಮಾನ ಮಾರಿದರೆ ಆ ಪತ್ರ ಕೊಂಡವರಿಗೆ ಹೋಗುವುದಿಲ್ಲ. ಯಾವ ಬೋಲ್ಟು ಎಲ್ಲಿದೆ ಅಂತ ಕಟ್ಟಿದವರಿಗೆ ಗೊತ್ತಿರುವಷ್ಟು ಕೊಂಡವರಿಗೆ ಗೊತ್ತಿರಲ್ಲ ತಾನೇ? ಲೈಟ್ ಸ್ಪೋರ್ಟ್ ವಿಮಾನದಲ್ಲಿ ಹಾಗಲ್ಲ. 2004ರ ನಿಯಮದಲ್ಲಿ ಕೊಂಡವರೂ 16 ಗಂಟೆಯ ತರಬೇತಿ ಮುಗಿಸಿ, ಪ್ರಮಾಣಪತ್ರ ಪಡೆದು ತಮ್ಮ ವಿಮಾನವನ್ನು ತಾವೇ ತಪಾಸಣೆ ಮಾಡಬಹುದಿತ್ತು. ನನಗಂತೂ ಇದು ಕಡಿಮೆಯೇ ಅನಿಸುತ್ತದೆ. ನಮ್ಮ ಶಾಲೆಯ ಲೆಕ್ಕದಲ್ಲಿ ಮೂರು ದಿನದ ಪಾಠ!