ವಿಮಾನಯಾನದ ವೆಚ್ಚವನ್ನು ಹಂಚಿಕೊಳ್ಳಬಹುದೇ?

ನಾಲ್ವರು ಸ್ನೇಹಿತರು ಕಾರಿನಲ್ಲಿ ಪರವೂರಿಗೆ ಹೋಗಿ ಬಂದು ಪೆಟ್ರೋಲಿನ ಖರ್ಚನ್ನು ಹಂಚಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಅದೇ ನಾಲ್ವರು ಪುಟ್ಟ ವಿಮಾನವೊಂದರಲ್ಲಿ ಹೋದರೆ, ಯಾರು ಎಷ್ಟು ಕೊಟ್ಟರು, ಏಕೆ ಹೋದರು, ಹೇಗೆ ಜೊತೆಗೂಡಿದರು ಎಂದು ಕಾನೂನು ವಿಚಾರಿಸುತ್ತದೆ. ಸ್ವಂತ ಸಂತೋಷಕ್ಕಾಗಿ ವಿಮಾನ ನಡೆಸುವ ಹವ್ಯಾಸವು ವಿಶೇಷವಾಗಿ ಬೆಳೆದಿರುವ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಬಗೆಯ ನಿಯಮಗಳು ಬಹಳ ವಿವರವಾಗಿವೆ. ಕೆಲವು ಡಾಲರುಗಳ ಲೆಕ್ಕಕ್ಕೆ ಇಷ್ಟು ಕಟ್ಟುನಿಟ್ಟು ಏತಕ್ಕೆ?

ಮೊದಲು ಪರವಾನಗಿಯ ವಿಷಯವನ್ನು ನೋಡೋಣ. ಅಮೆರಿಕದಲ್ಲಿ ಖಾಸಗಿ ಚಾಲಕನ ಪರವಾನಗಿಗೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆಗಳ ಹಾರಾಟದ ಅನುಭವ ಸಾಕು. ವಾಣಿಜ್ಯ ಪರವಾನಗಿಗೆ 250 ಗಂಟೆಗಳು ಬೇಕು. ಬಾಡಿಗೆಗೆ ಜನರನ್ನು ಒಯ್ಯುವ ಸಣ್ಣ ವಿಮಾನವನ್ನು ವಾರ್ಷಿಕ ತಪಾಸಣೆಯಲ್ಲದೆ ಸಾಮಾನ್ಯವಾಗಿ ಪ್ರತಿ 100 ಗಂಟೆಗಳ ಹಾರಾಟಕ್ಕೊಮ್ಮೆ ಪರೀಕ್ಷಿಸಬೇಕು. ಹಣ ಕೊಟ್ಟು ಕುಳಿತ ಅಪರಿಚಿತನಿಗೆ ಎಂಜಿನ್ನಿನ ಸ್ಥಿತಿಯಾಗಲಿ ಚಾಲಕನ ಯೋಗ್ಯತೆಯಾಗಲಿ ತಿಳಿಯದು. ಅವನ ಪರವಾಗಿ ಸರ್ಕಾರವೇ ಅವೆರಡನ್ನೂ ಪರೀಕ್ಷಿಸಿ ನೋಡುತ್ತದೆ.

ಖಾಸಗಿ ಚಾಲಕನು ಹಣಕ್ಕಾಗಿ ಪ್ರಯಾಣಿಕರನ್ನು ಒಯ್ಯಬಾರದೆಂಬುದು ಮೂಲ ನಿಯಮ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ವೆಚ್ಚದ ಹಂಚಿಕೆಯೂ ಒಂದು. ಇಂಧನ, ಎಣ್ಣೆ, ವಿಮಾನ ನಿಲ್ದಾಣದ ಶುಲ್ಕ ಮತ್ತು ವಿಮಾನದ ಬಾಡಿಗೆ, ಈ ನಾಲ್ಕನ್ನು ಮಾತ್ರ ಹಂಚಬಹುದು. ಚಾಲಕನು ತನ್ನ ಸಮಪಾಲಿಗಿಂತ ಕಡಿಮೆ ಕೊಡುವಂತಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಆಸನಗಳ ವಿಮಾನದ ಬಾಡಿಗೆ ಇಂಧನವೂ ಸೇರಿ ಗಂಟೆಗೆ 150 ಡಾಲರು ಎಂದಿಟ್ಟುಕೊಳ್ಳಿ. ಮೂರು ಗಂಟೆಗೆ 450, ನಿಲ್ದಾಣದ ಶುಲ್ಕ 30, ಒಟ್ಟು 480 ಡಾಲರು. ನಾಲ್ವರೂ ಕುಳಿತಿದ್ದರೆ ತಲಾ 120. ಮೂವರು ಸ್ನೇಹಿತರಿಂದ 360 ಡಾಲರು ಪಡೆದು ಉಳಿದುದನ್ನು ಚಾಲಕನು ತೆರಬೇಕು. ಸ್ನೇಹಿತರು ಉದಾರಿಗಳಾಗಿ 400 ಡಾಲರು ಕೊಡಲು ಬಂದರೂ ಅವನು ಸ್ವೀಕರಿಸಕೂಡದು. ವಿಮಾನ ಅವನದೇ ಆಗಿದ್ದರೆ ಅದರ ವಿಮೆ, ದುರಸ್ತಿ, ವಾರ್ಷಿಕ ತಪಾಸಣೆಗಳ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತೆಯೂ ಇಲ್ಲ. ಇನ್ನೊಂದು ಸ್ವಾರಸ್ಯವುಂಟು: ಪ್ರಯಾಣಿಕರೇ ಎಲ್ಲ ಖರ್ಚನ್ನೂ ವಹಿಸಿದರೆ, ಚಾಲಕನ ದಿನಚರಿ ಪುಸ್ತಕಕ್ಕೆ ಪುಕ್ಕಟೆಯಾಗಿ ಸೇರುವ ಹಾರಾಟದ ಗಂಟೆಗಳನ್ನೂ ಅಲ್ಲಿಯ ವಿಮಾನಯಾನ ಇಲಾಖೆ ಸಂಭಾವನೆಯೆಂದೇ ಎಣಿಸುತ್ತದೆ.

ಲೆಕ್ಕ ಸರಿಯಾದ ಮಾತ್ರಕ್ಕೆ ಮುಗಿಯಲಿಲ್ಲ. ಚಾಲಕನಿಗೂ ಪ್ರಯಾಣಿಕರಿಗೂ ಪ್ರಯಾಣದಲ್ಲಿ ಸಮಾನ ಉದ್ದೇಶವಿರಬೇಕು. ಒಂದೇ ಮದುವೆಗೆ ಎಲ್ಲರೂ ಹೊರಟಿದ್ದರೆ ಅಡ್ಡಿಯಿಲ್ಲ. ಚಾಲಕನಿಗೆ ಆ ಊರಿನಲ್ಲಿ ಯಾವ ಕೆಲಸವೂ ಇಲ್ಲದೆ, ಸ್ನೇಹಿತನನ್ನು ಅವನ ವ್ಯಾಪಾರಕ್ಕೆಂದು ತಲುಪಿಸಿ ಬಂದರೆ ಅದು ಬಾಡಿಗೆಯ ಪ್ರಯಾಣವಾಗುತ್ತದೆ. ಅಲ್ಲದೆ ‘ಬರುವವರು ಬನ್ನಿ’ ಎಂದು ಸಾರ್ವಜನಿಕರನ್ನು ಕರೆಯಕೂಡದು. ಫ್ಲೈಟ್‌ನೌ ಎಂಬ ಸಂಸ್ಥೆಯು ಅಂತರ್ಜಾಲದ ಮೂಲಕ ಖಾಸಗಿ ಚಾಲಕರನ್ನೂ ಪ್ರಯಾಣಿಕರನ್ನೂ ಜೊತೆಗೂಡಿಸುತ್ತಿತ್ತು. 2014ರಲ್ಲಿ ವಿಮಾನಯಾನ ಇಲಾಖೆ ಈ ಪದ್ಧತಿ ನಿಯಮಕ್ಕೆ ವಿರುದ್ಧವೆಂದಿತು. 2015ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಯುರೋಪಿನ ಒಕ್ಕೂಟದಲ್ಲಿ ಇಷ್ಟು ಬಿಗಿಯಿಲ್ಲ. 2014ರ ನಿಯಮದಂತೆ ಚಾಲಕನೂ ಸೇರಿ ಆರು ಮಂದಿಯವರೆಗೆ ನೇರ ವೆಚ್ಚವನ್ನು ಹಂಚಿಕೊಳ್ಳಬಹುದು. ಜೊತೆಗಾರರನ್ನು ಅಂತರ್ಜಾಲದಲ್ಲಿ ಹುಡುಕಿಕೊಳ್ಳುವುದೂ ಅಲ್ಲಿ ನಡೆದಿದೆ. ಆದರೆ ಚಾಲಕನೂ ಪಾಲು ಕೊಡಲೇಬೇಕು, ಲಾಭ ಪಡೆಯಬಾರದು ಎಂಬ ತತ್ತ್ವವನ್ನು ಅಲ್ಲಿಯೂ ಬಿಟ್ಟಿಲ್ಲ.

ಈ ತತ್ತ್ವವನ್ನು ಮೀರಿದಾಗ ಏನಾಗಬಹುದೆಂಬುದಕ್ಕೆ ಒಂದು ದುಃಖದ ನಿದರ್ಶನವಿದೆ. 2019ರ ಜನವರಿ 21ರ ರಾತ್ರಿ ಅರ್ಜೆಂಟೀನಾದ ಕಾಲ್ಚೆಂಡಾಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂತ್ ನಗರದಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಒಂಟಿ ಎಂಜಿನ್ನಿನ ವಿಮಾನವು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಬಿದ್ದಿತು. ಚಾಲಕನಿಗಿದ್ದುದು ಖಾಸಗಿ ಪರವಾನಗಿ. ರಾತ್ರಿ ಹಾರಾಟದ ಅರ್ಹತೆಯೂ ಅವನಿಗಿರಲಿಲ್ಲ. ಅವನಿಗೆ ಹಣ ಸಲ್ಲಬೇಕಾಗಿದ್ದುದರಿಂದ ಅದನ್ನು ವೆಚ್ಚದ ಹಂಚಿಕೆಯೆನ್ನುವಂತಿರಲಿಲ್ಲ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಕ್ಕೆ ಸೇರಿ ಚಾಲಕನ ಮೇಲೂ ಪರಿಣಾಮ ಮಾಡಿರಬೇಕೆಂದು 2020ರ ತನಿಖಾ ವರದಿ ತಿಳಿಸಿತು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಸಾಲಾನ ರಕ್ತದಲ್ಲಿ ಹೀಗೆ ಬಂಧಿತವಾಗಿದ್ದ ಹೀಮೋಗ್ಲೋಬಿನ್ನಿನ ಪ್ರಮಾಣ ಶೇಕಡ 58. ಪ್ರಯಾಣವನ್ನು ಏರ್ಪಡಿಸಿದವನಿಗೆ 2021ರಲ್ಲಿ ಹದಿನೆಂಟು ತಿಂಗಳ ಸೆರೆವಾಸವಾಯಿತು.

ಎಂಜಿನ್ನಿನ ಬಿರುಕಾಗಲಿ ಕವಿದ ಮೋಡವಾಗಲಿ ಪ್ರಯಾಣಿಕನು ಹಣ ಕೊಟ್ಟಿದ್ದಾನೆಯೇ ಎಂದು ನೋಡುವುದಿಲ್ಲ. ಆದರೆ ಹೊರಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಮನುಷ್ಯನ ಮೇಲೆ ಹಣದ ಒತ್ತಡ ಬೀಳುತ್ತದೆ. ತನ್ನ ಕೆಲಸಕ್ಕಾಗಿ ಹೊರಟು ತನ್ನ ಪಾಲನ್ನು ತಾನೇ ತೆರುವವನು ಮೋಡವನ್ನು ಕಂಡು ‘ಇಂದು ಬೇಡ’ ಎಂದರೆ ಅವನಿಗೆ ಯಾವ ನಷ್ಟವೂ ಇಲ್ಲ, ಖರ್ಚೇ ಉಳಿಯುತ್ತದೆ. ಹಣ ಪಡೆದವನಿಗೆ ಆ ಮಾತು ಸುಲಭವಾಗಿ ಬಾಯಿಗೆ ಬಾರದು. ಚಾಲಕನ ಕಿಸೆಯಿಂದಲೂ ಒಂದು ಪಾಲು ಹೋಗಬೇಕೆಂಬ ನಿಯಮವು ಅವನ ಈ ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಅದರೊಡನೆ ಹಿಂದೆ ಕುಳಿತವರ ಪ್ರಾಣವನ್ನೂ.