ತಾರೆಯ ಪದರಗಳಲ್ಲಿ ಬೆಳಕಿನ ಲೆಕ್ಕ

ಸಣ್ಣ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿದರೆ, ನಡುವೆ ಉಜ್ಜ್ವಲವಾಗಿರುವ ಆ ಬಿಂಬವು ಅಂಚನ್ನು ಸಮೀಪಿಸಿದಂತೆಲ್ಲ ಮಂದವಾಗುವುದು ಕಾಣದಿರದು. ಅಂಚಿನಲ್ಲಿ ಓರೆಯಾಗಿ ಹಾಯುವ ನಮ್ಮ ದೃಷ್ಟಿಯು ಆಳದ ಉಷ್ಣ ಪದರಗಳನ್ನು ಮುಟ್ಟಲಾರದೆ ಮೇಲಣ ತಂಪು ಪದರಗಳಲ್ಲಿಯೇ ನಿಂತುಬಿಡುವುದು ಇದಕ್ಕೆ ಕಾರಣ. ಈ ಮಬ್ಬನ್ನೇ ಸಾಕ್ಷಿಯಾಗಿಟ್ಟುಕೊಂಡು, ಸೂರ್ಯನ ಹೊರಪದರಗಳಲ್ಲಿ ಶಾಖವನ್ನು ಹೊತ್ತು ತರುವುದು ಅನಿಲದ ಕುದಿತವಲ್ಲ, ವಿಕಿರಣವೇ ಎಂದು ಜರ್ಮನಿಯ ಕಾರ್ಲ್ ಶ್ವಾರ್ಜ್‌ಶಿಲ್ಡರು 1906ರಲ್ಲಿ ಪ್ರತಿಪಾದಿಸಿದರು.

ವಿಕಿರಣವು ಪದರದಿಂದ ಪದರಕ್ಕೆ ಸಾಗುವ ಬಗೆಯನ್ನು ಹೇಳುವ ಸಮೀಕರಣವು ನೋಡುವುದಕ್ಕೆ ಸರಳ. ಬಿಡಿಸಹೊರಟಾಗ ಅದು ಸುತ್ತಿಕೊಳ್ಳುವ ಬಳ್ಳಿ. ಒಂದು ಪದರ ಸೂಸುವ ಬೆಳಕು ಅದರ ಮೇಲೆ ಬೀಳುವ ಬೆಳಕನ್ನು ಅವಲಂಬಿಸಿದೆ. ಬೀಳುವ ಬೆಳಕಾದರೋ ಉಳಿದೆಲ್ಲ ಪದರಗಳು ಸೂಸಿದ್ದೇ. ಅಸಂಖ್ಯಾತ ದಿಕ್ಕುಗಳಿಗೆ ಬದಲಾಗಿ ಆಯ್ದ ಕೆಲವನ್ನೇ ಹಿಡಿದು ಎಣಿಸುವ ಮಾರ್ಗವನ್ನು ಎಸ್. ಚಂದ್ರಶೇಖರರು 1950ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಒಳಮುಖ, ಹೊರಮುಖ ಕಿರಣಗಳೆರಡನ್ನೂ ಕೂಡಿಸಿ, ಗಣಕಯಂತ್ರಕ್ಕೆ ಒಗ್ಗುವ ಒಂದೇ ಸಮೀಕರಣವನ್ನು 1964ರಲ್ಲಿ ಫ್ರಾನ್ಸಿನ ಫೋತ್ರಿಯೇ ಕೊಟ್ಟರು.

ಆದರೆ ಎಲ್ಲರಿಗೂ ಸಹಜವಾಗಿ ಹೊಳೆಯುವ ಉಪಾಯವಿದ್ದದ್ದು ಬೇರೆ: ಬೆಳಕನ್ನು ಮೊದಲು ಊಹಿಸಿ, ಅದರಿಂದ ಪದರಗಳ ಸೂಸುವಿಕೆಯನ್ನು ಗಣಿಸಿ, ಅದರಿಂದ ಮತ್ತೆ ಬೆಳಕನ್ನು ಗಣಿಸುತ್ತ ಹೋಗುವುದು. ಲ್ಯಾಂಬ್ಡಾ ಪುನರಾವರ್ತನೆಯೆಂಬ ಈ ಕ್ರಮದಲ್ಲಿ ಒಂದೊಂದು ಸುತ್ತಿಗೂ ವಾರ್ತೆ ಸಾಗುವುದು ಫೋಟಾನೊಂದು ಒಮ್ಮೆ ಚದುರುವಷ್ಟು ದೂರ ಮಾತ್ರ. ಅಂತಹ ನೂರು ದೂರಗಳಷ್ಟು ದಪ್ಪದ ಪದರಕ್ಕೆ ಹತ್ತುಸಾವಿರದಷ್ಟು ಸುತ್ತುಗಳು ಬೇಕಾದಾವು. ಅದಕ್ಕಿಂತ ಭಯಂಕರವಾದದ್ದು, ಸುತ್ತಿನಿಂದ ಸುತ್ತಿಗೆ ಅಂಕೆಗಳು ಬದಲಾಗುವುದು ಅತ್ಯಲ್ಪವಾದುದರಿಂದ, ಉತ್ತರವಿನ್ನೂ ಬಹುದೂರವಿರುವಾಗಲೇ ಕೈಸೇರಿತೆಂದು ಗಣಿತಜ್ಞನು ಲೇಖನಿ ಕೆಳಗಿಡುವ ಮೋಸ.

1973ರಲ್ಲಿ ಕ್ಯಾನನ್ ಅವರು, ಕಠಿಣವಾದ ಪೂರ್ಣಗಣನೆಯಿಂದ ಸುಲಭವಾದೊಂದು ಅಂಶವನ್ನು ಬೇರ್ಪಡಿಸಿ ಅದನ್ನು ನೇರವಾಗಿ ಬಿಡಿಸಿ, ಉಳಿದುದನ್ನು ಸುತ್ತುಸುತ್ತಾಗಿ ತಿದ್ದುವ ದಾರಿಯನ್ನು ತೆರೆದರು. ಆ ಸುಲಭಾಂಶ ಯಾವುದಿರಬೇಕು? 1986ರಲ್ಲಿ ಓಲ್ಸನ್, ಔಯರ್ ಮತ್ತು ಬುಕ್ಲರ್ ಕೊಟ್ಟ ಉತ್ತರ ನನಗೆ ಈ ಶಾಸ್ತ್ರದಲ್ಲೆಲ್ಲ ಅತ್ಯಂತ ಸುಂದರವಾದದ್ದೆಂದು ತೋರುತ್ತದೆ: ಪ್ರತಿಯೊಂದು ಪದರವೂ ತಾನು ಸೂಸಿದುದರಲ್ಲಿ ತನಗೇ ಮರಳಿ ಪಡೆಯುವ ಪಾಲು, ಅಷ್ಟೇ ಸಾಕು. ತನ್ನೊಳಗೇ ಸಿಕ್ಕಿಕೊಂಡಿದ್ದ ಆ ಬೆಳಕೇ ಲೆಕ್ಕವನ್ನು ತಡೆದಿತ್ತು.

ಹರಡಿಕೊಂಡ ಹೊದಿಕೆಯುಳ್ಳ ದೈತ್ಯತಾರೆಗಳಿಗೆ ಚಪ್ಪಟೆ ಪದರಗಳ ಗಣಿತ ಸಾಲದು. ಗೋಲಾಕಾರದ ಪದರಗಳಿಗೆ ಹೊಂದುವ ವಿಧಾನವನ್ನು ಎ. ಪೆರಯ್ಯನವರು ಇಯಾನ್ ಗ್ರಾಂಟರೊಡನೆ 1973ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ ದುಡಿದ ಪೆರಯ್ಯನವರು ಈ ವಿಷಯವಾಗಿ ಬರೆದ ಗ್ರಂಥವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯವು ಹೊರತಂದಿದೆ. ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗಳು ಅದನ್ನೊಮ್ಮೆ ತೆರೆದು ನೋಡಬೇಕು.